ದೋಣಿ ಗಂಟೆ

ಕುಮಟೆಯ ನಮ್ಮ ಮನೆಯ ಹಿಂಬಾಗಿಲ ಹತ್ತಿರ, ಬಟ್ಟೆ ಒಗೆಯುವ ಕಲ್ಲಿನ ಪಕ್ಕದಲ್ಲಿ, ಮೊಳದುದ್ದದ ಒಂದು ರೈಲು ಹಳಿಯ ತುಂಡು ಬಿದ್ದಿದೆ. ಬಿದ್ದಿದೆ ಅಂದರೆ ಬಿದ್ದೇ ಇದೆ. ಅದನ್ನು ಎತ್ತಲು ಗಟ್ಟಿಯಾದ ಇಬ್ಬರು ಬೇಕು, ಅಂಥ ಇಬ್ಬರು ನಮ್ಮ ಮನೆಯಲ್ಲಿ ಒಂದೇ ಹೊತ್ತಿಗೆ ಸಿಕ್ಕಿದ್ದಿಲ್ಲ. ನನ್ನ ಬಲಗಾಲಿನ ಹೆಬ್ಬೆರಳಿಗೂ ಅದಕ್ಕೂ ಹಳೆಯ ವೈರ. ಸೊಸೆ ಅದರ ಮೇಲೆ ತೆಂಗಿನಕಾಯಿ ಒಡೆಯುತ್ತಾಳೆ. ಗುಜರಿಯವನು ಬೀದಿಗೆ ಬಂದಾಗಲೆಲ್ಲ ಬೇಲಿಯ ಮೇಲಿಂದ ಕತ್ತು ಉದ್ದ ಮಾಡಿ, "ಅಮ್ಮಾ, ಅದೊಂದು ಕೊಡೂದಿಲ್ರಾ?" ಎಂದು ಕೇಳುತ್ತಾನೆ. ಇಲ್ಲ ಎಂದು ಗದರಿ ಕಳಿಸುತ್ತೇನೆ. ಮರುಗಳಿಗೆ ಮತ್ತೆ ಅದಕ್ಕೇ ಎಡವಿ ಶಾಪ ಹಾಕುತ್ತೇನೆ.

"ಕೊಡೂದೂ ಇಲ್ಲ, ಬೈಯೂದೂ ಬಿಡೂದಿಲ್ಲ. ಎಂತದು ಅತ್ತೆ ನಿಮ್ದು?" ಎನ್ನುತ್ತಾಳೆ ಸೊಸೆ.

ನನ್ನ ಸಿಟ್ಟು ಹಳಿಯ ಮೇಲಲ್ಲ, ಮಂತ್ರಿಮಂಡಲದ ಮೇಲೆ. ಇದನ್ನು ನನಗೇ ಕೊಡಬೇಕೆಂದು ತೀರ್ಮಾನ ಮಾಡಿದ್ದು ಒಂದು ಮಂತ್ರಿಮಂಡಲ. ಅದರ ಪ್ರಧಾನಮಂತ್ರಿಗೆ ಆಗಿನ್ನೂ ಎದುರಿನ ಎರಡು ಹಲ್ಲು ಸರಿಯಾಗಿ ಬಂದಿರಲಿಲ್ಲ. ನಾನು ನಿವೃತ್ತಳಾಗಿ ಕೆಲವು ವರ್ಷದ ಮೇಲೆ ನಮ್ಮ ಶಾಲೆಗೆ ಕರೆಂಟಿನ ಗಂಟೆ ಬಂತು. ಹಳೆಯ ಗಂಟೆಯಾಗಿದ್ದ ಈ ಹಳಿಯನ್ನು ಒಂದು ದಿನ ರಿಕ್ಷಾದಲ್ಲಿ ಹೇರಿಕೊಂಡು ಕುರ್ವೆಯ ಹಮ್ಮಣ್ಣ ನಮ್ಮ ಮನೆಗೆ ಬಂದ. ಕುರ್ವೆ ಎಂದರೆ ಹೊಳೆಯ ನಡುವಿನ ನಡುಗಡ್ಡೆ. ಹಮ್ಮಣ್ಣ ಅಲ್ಲಿಂದ ಶಾಲೆ ಮಕ್ಕಳನ್ನು ದಾಟಿಸುತ್ತಿದ್ದ ದೋಣಿಯವನು.

"ನಂಗೆ ಎಂತಕೆ ಮಾರಾಯ ಇದು?" ಎಂದೆ.

"ಶಾಲೆ ಮಂತ್ರಿಗಳು ಕಳ್ಸಿದ್ರು ಅಕ್ಕೋರೆ. ಬೇಡ ಅಂದ್ರೆ ನಿಮ್ಮ ಮೇಲೆ ಅವಿಶ್ವಾಸ ತರ್ತರಂತೆ," ಎಂದು ರಿಕ್ಷಾದವನ ಜೊತೆ ಸೇರಿ ಹಳಿಯನ್ನು ಅಲ್ಲಿ ಇಳಿಸಿ ಚಾ ಕುಡಿದು ಹೋದ. ಅವನು ಇಳಿಸಿದಲ್ಲೇ ಇಂದಿಗೂ ಇದೆ.

ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಗಂಡಸರು ಮಾಸ್ತರು, ಹೆಂಗಸರು ಅಕ್ಕೋರು. ನಾನು ಮುಖ್ಯ ಅಕ್ಕೋರಾಗಿದ್ದ ಶಾಲೆ ಹಿರೇಗುತ್ತಿಯಿಂದ ಹೊಳೆಯ ಕಡೆಗೆ ಇಳಿದರೆ ಸಿಗುವ ಒಂದು ಸಣ್ಣ ಊರಿನಲ್ಲಿತ್ತು. ಏಳನೇ ಇಯತ್ತೆಯವರೆಗೆ ತರಗತಿಗಳು, ಹಂಚಿನ ಮಾಡು, ಅಂಗಳದಲ್ಲಿ ಹುಣಸೆ ಮರ, ಹಿಂದೆ ಉಪ್ಪುನೀರಿನ ಗಜನಿ ಗದ್ದೆ, ಅದರಾಚೆ ಅಘನಾಶಿನಿ. ಕೊಂಕಣ ರೈಲಿಗೆ ಹಳಿ ಹಾಕಿದ ಹೊಸದರಲ್ಲಿ ಉಳಿದ ಒಂದು ತುಂಡನ್ನು ಊರವರು ಕೇಳಿ ತಂದು ಹುಣಸೆ ಮರಕ್ಕೆ ಸರಪಳಿಯಲ್ಲಿ ತೂಗಿಹಾಕಿದ್ದರು. ಹೊಡೆಯಲು ಒಂದು ದಪ್ಪ ಬೋಲ್ಟು. ಹೊಡೆದರೆ ಹೊಳೆಯಾಚೆಗೂ ಕೇಳುತ್ತಿತ್ತು. ರೈಲು ನಮ್ಮೂರಲ್ಲಿ ನಿಲ್ಲದೆ ಹೋಯಿತು ಎಂಬ ಊರವರ ಕೊರಗಿಗೆ ಅಷ್ಟೇ ಸಮಾಧಾನ.

ಆ ಗಂಟೆ ಹತ್ತಕ್ಕೆ ಹೊಡೆಯಬೇಕು. ಹತ್ತು ಎಂದರೆ ಹತ್ತು. ಈ ವಿಷಯದಲ್ಲಿ ನಾನು ಸ್ವಲ್ಪ ಕೆಟ್ಟವಳು, ಅದನ್ನು ನನ್ನ ಮಕ್ಕಳನ್ನು ಕೇಳಿದರೂ ಹೇಳುತ್ತಾರೆ. ನಾನು ಹುಟ್ಟಿ ಬೆಳೆದದ್ದು ಹೊನ್ನಾವರದ ಎದುರು ದಡದಲ್ಲಿ, ಕಾಸರಕೋಡಿನಲ್ಲಿ. ಶರಾವತಿಗೆ ಆಗ ಸೇತುವೆ ಇರಲಿಲ್ಲ, ಲಾಂಚಿನಲ್ಲಿ ದಾಟಿ ಪೇಟೆಯ ಶಾಲೆಗೆ ಹೋಗಬೇಕು. ಲಾಂಚಿನ ಡೀಸೆಲ್ ವಾಸನೆ, ಮೀನಿನ ಬುಟ್ಟಿಯಿಂದ ಸೋರಿದ ನೀರು ಲಂಗದ ಅಂಚಿಗೆ ತಾಗಿ ಇಡೀ ದಿನ ಪಕ್ಕದವಳು ಮೂಗು ಮುಚ್ಚಿಕೊಳ್ಳುವುದು, ಗಾಳಿಗೆ ಹಾರಿದ ನನ್ನ ಒಂದು ರಿಬ್ಬನ್ನು ನದಿಯ ನಡುವೆ ತೇಲುತ್ತ ಅರಬ್ಬೀ ಸಮುದ್ರದ ಕಡೆ ಹೋದದ್ದು, ಎಲ್ಲ ನಿನ್ನೆಯ ಹಾಗೆ ನೆನಪಿದೆ. ಆ ಶಾಲೆಯಲ್ಲಿ ಮಕ್ಕಳನ್ನು ಕೇಳುತ್ತಿದ್ದ ಪ್ರಶ್ನೆ ಒಂದೇ: "ಎಂತಕೆ ತಡ?" ಉತ್ತರ ಹೇಳಿದರೆ ಎದುರು ಮಾತಿಗೆ ಒಂದು ಏಟು, ಹೇಳದಿದ್ದರೆ ಸೊಕ್ಕಿಗೆ ಒಂದು ಏಟು. ಆದ್ದರಿಂದ ಮೊದಲ ಲಾಂಚನ್ನೇ ಹಿಡಿಯುವ ಅಭ್ಯಾಸ ಮಾಡಿಕೊಂಡೆ. ಶಾಲೆಯ ಬಾಗಿಲು ತೆರೆಯುವ ಮೊದಲೇ ಹೋಗಿ ಮೆಟ್ಟಿಲ ಮೇಲೆ ಕೂತಿರುತ್ತಿದ್ದೆ. ಆಮೇಲೆ ನೌಕರಿಯಿಡೀ ತಡ ಎನ್ನುವುದು ನನ್ನ ಹತ್ತಿರ ಸುಳಿಯಲಿಲ್ಲ. ಅದರ ಬಗ್ಗೆ ನನಗಿದ್ದ ಜಂಬವನ್ನು ನೀವು ನೋಡಬೇಕಿತ್ತು.

ತೊಂಬತ್ತರ ದಶಕದ ಕೊನೆಗೆ ಕರಾವಳಿಯ ಮುಖ್ಯಾಧ್ಯಾಪಕರನ್ನೆಲ್ಲ ಭಟ್ಕಳಕ್ಕೆ ಕರೆಸಿ ಒಂದು ಕಾರ್ಯಾಗಾರ ಮಾಡಿದರು. ಶಾಲೆ ನಡೆಸುವುದರಲ್ಲಿ ಮಕ್ಕಳ ದನಿಯೂ ಇರಬೇಕು, ಪುಟ್ಟ ಮಕ್ಕಳ ಮಾತಿಗೂ ಕಿವಿಗೊಡಬೇಕು ಎಂದು ಘಟ್ಟದ ಮೇಲಿನಿಂದ ಬಂದ ಒಬ್ಬ ತರುಣ ಬಹಳ ಚೆನ್ನಾಗಿ ಮಾತಾಡಿದ. ಮಾತಾಡುವಾಗ ನಡುವೆ ಕೈಯೆತ್ತಿದ ನಮ್ಮಲ್ಲಿ ಯಾರಿಗೂ ಅವನು ಕಿವಿಗೊಡಲಿಲ್ಲ ಎಂಬುದು ಬೇರೆ ವಿಷಯ. ಹೊಟ್ಟೆ ತುಂಬ ಊಟವಾಯಿತು. ಬಸ್ಸಿಗೆ ಹೊತ್ತಿದೆ ಎಂದು ಪೇಟೆಗೆ ನುಗ್ಗಿ ನಾನು ದುಬೈಯಿಂದ ಬಂದ ಒಂದು ಕೈಗಡಿಯಾರ ಕೊಂಡೆ. "ಇದು ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ನಿಲ್ಲೋದಿಲ್ಲ, ಬಾಯಿ," ಎಂದ ಅಂಗಡಿಯ ಸಾಹೇಬ. ಹೀಗೆ ಭಟ್ಕಳದಿಂದ ಎರಡು ಸಾಮಾನು ತಂದೆ, ಒಂದು ಮಂತ್ರಿಮಂಡಲ, ಒಂದು ಗಡಿಯಾರ. ಎರಡರಲ್ಲಿ ನನಗೆ ಕೈಕೊಟ್ಟದ್ದು ಯಾವುದು ಎಂಬುದನ್ನು ಕೊನೆಗೆ ಹೇಳುತ್ತೇನೆ.

ಮಕ್ಕಳಲ್ಲೇ ಮಂತ್ರಿಗಳನ್ನು ಆರಿಸಲು ಚುನಾವಣೆ ಮಾಡಿದೆವು. ಮತ ಹಾಕಲು ಬಳಚಿನ ಚಿಪ್ಪು, ನಿಂತ ಒಬ್ಬೊಬ್ಬರ ಹೆಸರಿಗೂ ಒಂದೊಂದು ತೆಂಗಿನ ಗರಟೆ. ಬಳಚು ನಮ್ಮ ಹೊಳೆಯ ಕೆಸರಿನಲ್ಲಿ ಸಿಗುವ ಚಿಪ್ಪುಜೀವಿ, ನೀರು ಇಳಿದಾಗ ಹೆಂಗಸರು ಮಕ್ಕಳು ಇಳಿದು ಬುಟ್ಟಿಗಟ್ಟಲೆ ಆರಿಸುತ್ತಾರೆ. ಕುರ್ವೆಯ ಮಕ್ಕಳು ಚೀಲದಲ್ಲಿ ಚಿಪ್ಪು ತಂದು ಸುರಿದರು. ಕಳ್ಳಮತ ಬೀಳಬಾರದೆಂದು ಒಂದೊಂದು ಚಿಪ್ಪಿನ ಒಳಗೂ ನಾನೇ ಕೂತು ಸಹಿ ಮಾಡಿದೆ. ಐದು, ಆರು, ಏಳನೇ ಇಯತ್ತೆಯವರಿಗೆ ಮಾತ್ರ ಮತ. ಸಣ್ಣವರಿಗೆ ಎಂತ ಗೊತ್ತಾಗುತ್ತದೆ ಎಂದು ನನ್ನ ಜೊತೆಯ ಪಟಗಾರ ಮಾಸ್ತರು ಹೇಳಿದರು, ನಾನೂ ಹೌದೆಂದೆ. ಸಣ್ಣವರ ಪಾಲಿಗೆ ಜೈಕಾರ ಹಾಕುವ ಕೆಲಸ ಬಂತು, ಅದನ್ನು ಅವರು ಗಂಟಲು ಕಟ್ಟುವವರೆಗೆ ಮಾಡಿದರು.

ನಾನು ಎಣಿಸಿದ್ದೇನೆಂದರೆ, ಮಂತ್ರಿಗಳು ಕಸ ಗುಡಿಸಿಸುತ್ತಾರೆ, ಗಿಡಕ್ಕೆ ನೀರು ಹಾಕಿಸುತ್ತಾರೆ, ನಮಗೆ ಒಂದಷ್ಟು ಹಗುರಾಗುತ್ತದೆ. ಆಗಿದ್ದು ಬೇರೆ. ಆರೋಗ್ಯ ಮಂತ್ರಿಯಾದ ಆರನೇ ಇಯತ್ತೆಯ ಹುಡುಗಿ ಸೋಮವಾರ ಬೆಳಿಗ್ಗೆ ಎಲ್ಲರ ಉಗುರು ನೋಡುತ್ತ ಬಂದು ನನ್ನ ಮುಂದೂ ನಿಂತಳು. "ಕೈ ತೋರ್ಸಿ ಅಕ್ಕೋರೆ." ತೋರಿಸಿದೆ. ಹಿಂದಿನ ದಿನ ಹಲಸಿನ ಕಾಯಿ ಹೆಚ್ಚಿದ ಕೈ, ಉಗುರಿನ ಸಂದಿ ಕಪ್ಪು. ಅವಳು ಸುಮ್ಮನೆ ತಲೆಯಾಡಿಸಿದಳು. ಬೈದಿದ್ದರೆ ಒಳ್ಳೆಯದಿತ್ತು. ಮುಂದಿನ ವಾರ ಶಾಲೆಯ ಆವಾರದಲ್ಲಿ ಕವಳ ಹಾಕಬಾರದು ಎಂದು ಮಂತ್ರಿಮಂಡಲ ಠರಾವು ಮಾಡಿತು. ಶಾಲೆಯಲ್ಲಿ ಕವಳ ಹಾಕುವವರು ಪಟಗಾರ ಮಾಸ್ತರು ಒಬ್ಬರೇ. ಪಾಪ, ಎಲೆ ಅಡಿಕೆ ಸಂಚಿ ಹಿಡಿದು ಬೇಲಿಯಾಚೆ ಬಿಸಿಲಿನಲ್ಲಿ ನಿಂತು ಜಗಿಯುತ್ತಿದ್ದರು. "ನಿಮ್ಮ ಭಟ್ಕಳದ ಕಾರ್ಯಾಗಾರಕ್ಕೆ ಬೆಂಕಿ ಬೀಳ," ಎಂದು ನನಗೆ ಕೇಳುವ ಹಾಗೆ ಹೇಳುತ್ತಿದ್ದರು. ದಿಲ್ಲಿಯಲ್ಲಿ ಸರಕಾರಗಳು ಬೀಳುತ್ತ ಏಳುತ್ತ ಇದ್ದ ಕಾಲ ಅದು, ಮಕ್ಕಳು ರೇಡಿಯೋದಲ್ಲಿ ಕೇಳಿ ಕೇಳಿ ಎಲ್ಲ ಕಲಿತಿದ್ದರು. ಕ್ರೀಡಾಮಂತ್ರಿ ಚೆಂಡು ಮನೆಗೆ ಒಯ್ದ ಎಂದು ಬೆಂಬಲ ವಾಪಸಾಯಿತು. ನೀರಿನ ಮಂತ್ರಿ ಒಂದು ಪೆಪ್ಪರಮಿಂಟಿಗೆ ಪಕ್ಷ ಬದಲಿಸಿದ. ನನಗೆ ಪಾಠ ಮಾಡಲು ಹೊತ್ತೇ ಇಲ್ಲ, ಬೆಳಗಿನಿಂದ ಸಂಜೆವರೆಗೆ ಸರಕಾರ ಉಳಿಸುವುದೇ ಕೆಲಸ.

ಎಲ್ಲಕ್ಕಿಂತ ಕಠಿಣವಾದವನು ಶಿಸ್ತಿನ ಮಂತ್ರಿ ಸುಬ್ರಾಯ. ಐದನೇ ಇಯತ್ತೆ, ಎಣ್ಣೆ ಹಾಕಿ ಬಾಚಿದ ತಲೆ, ಮನೆ ಶಾಲೆಯ ಬೇಲಿಗೆ ತಾಗಿ. ಮನೆ ಬೇಲಿಗೆ ತಾಗಿದವರಿಗೆ ತಡವಾಗಿ ಬರುವವರನ್ನು ಕಂಡರೆ ತಡೆದುಕೊಳ್ಳಲಾಗುವುದಿಲ್ಲ. ಗಂಟೆ ಹೊಡೆದ ಮೇಲೆ ಬಂದವರು ಮೊದಲ ತಾಸು ಮುಗಿಯುವವರೆಗೆ ಬಾಗಿಲ ಹೊರಗೆ ನಿಲ್ಲಬೇಕು ಎಂಬ ಕಾನೂನು ಅವನದು. ನಾವು ಯಾವ ಮಾಸ್ತರೂ ಅಷ್ಟು ಕಟ್ಟುನಿಟ್ಟು ಮಾಡಿದವರಲ್ಲ. ಆದರೆ ತಡದ ವಿಷಯವಲ್ಲವೇ, ನನಗೆ ಒಳಗೊಳಗೇ ಖುಷಿಯಾಯಿತು.

ಆ ಕಾನೂನಿಗೆ ಸಿಕ್ಕಿಬಿದ್ದವಳು ಮೂರನೇ ಇಯತ್ತೆಯ ನಾಗವೇಣಿ, ಹಮ್ಮಣ್ಣನ ಮಗಳು. ಅವಳ ಜೊತೆ ಕುರ್ವೆಯ ಇನ್ನೂ ಕೆಲವು ಸಣ್ಣವರು. ನಮ್ಮ ಹೊಳೆ ಸಮುದ್ರದ ಜೊತೆ ಏರಿ ಇಳಿಯುವ ಹೊಳೆ. ಅಮಾವಾಸ್ಯೆ ಹುಣ್ಣಿಮೆಯ ಆಸುಪಾಸಿನಲ್ಲಿ ಶಾಲೆಯ ಹೊತ್ತಿಗೆ ನೀರು ದಡದವರೆಗೆ ತುಂಬಿರುತ್ತದೆ, ದೋಣಿ ಸಲೀಸಾಗಿ ಬರುತ್ತದೆ. ಪಂಚಮಿ ಷಷ್ಠಿ ಬಂತೆಂದರೆ ಅದೇ ಹೊತ್ತಿಗೆ ನೀರು ಇಳಿದು ನಡುವೆ ಕೆಸರಿನ ದಿಬ್ಬ ಏಳುತ್ತದೆ. ದೋಣಿ ಸುತ್ತುಹಾಕಿ ಬರಬೇಕು, ಎಷ್ಟೋ ಸಲ ದೋಣಿ ಬಿಟ್ಟು ಮೊಣಕಾಲು ಮಟ್ಟದ ಕೆಸರಿನಲ್ಲಿ ನಡೆಯಬೇಕು. ಹೊಳೆಗೆ ನಮ್ಮ ಹತ್ತು ಗಂಟೆ ಗೊತ್ತಿಲ್ಲ. ಇದು ನನಗೆ ಗೊತ್ತಿರಲಿಲ್ಲವೆಂದಲ್ಲ, ಹೊಳೆ ದಡದಲ್ಲೇ ಬೆಳೆದವಳು ನಾನು. ಆದರೆ ನಾನು ದಾಟಿ ಬರಲಿಲ್ಲವೇ ಎಂಬ ಹಠ.

ಕಾಲಿಗೆ ಕೆಸರು ಮೆತ್ತಿಕೊಂಡು ಬಾಗಿಲಲ್ಲಿ ನಿಂತ ನಾಗವೇಣಿ ಅಳುತ್ತಿರಲಿಲ್ಲ. ಒಳಗೆ ನಾನು ಮಗ್ಗಿ ಹೇಳಿಸುತ್ತಿದ್ದರೆ ಹೊರಗಿನಿಂದ ಎಲ್ಲರಿಗಿಂತ ದೊಡ್ಡ ದನಿಯಲ್ಲಿ ಹೇಳುತ್ತಿದ್ದಳು. ಒಳಗಿನವರು ತಪ್ಪಿದರೆ ಅಲ್ಲಿಂದಲೇ ತಿದ್ದುತ್ತಿದ್ದಳು. ನನಗೆ ರೇಗುತ್ತಿತ್ತು.

"ಬೇಗ ಹೊರಡೂಕೆ ಆಗೂದಿಲ್ವನೆ ನಿಂಗೆ?" ಎಂದು ಒಮ್ಮೆ ಕೇಳಿದೆ.

"ನಾ ಬೇಗ ಹೊರಡ್ತೆ ಅಕ್ಕೋರೆ. ನೀರು ಬೇಗ ಹೊರಡೂದಿಲ್ಲ."

ಎದುರು ಮಾತಿಗೆ ಒಂದು ಏಟು ಎನ್ನುವ ಕಾಲ ಹೋಗಿತ್ತು. ಹೋಗಬಾರದಿತ್ತು ಎಂದು ಆ ಗಳಿಗೆಯಲ್ಲಿ ಅನ್ನಿಸಿತು, ಸುಳ್ಳೇಕೆ ಹೇಳಲಿ.

ಶನಿವಾರ ಬೆಳಗಿನ ಶಾಲೆ ಬಿಡುವ ಮುಂಚೆ ಮಂತ್ರಿಮಂಡಲದ ಸಭೆ. ಆ ವರ್ಷದ ಎರಡನೇ ಚುನಾವಣೆಗೆ ದಿನ ಗೊತ್ತುಮಾಡುವ ಮಾತು ನಡೆದಿತ್ತು. ಕುರ್ವೆಯವರು ಚಿಪ್ಪು ತರಲಿ ಎಂದು ಸುಬ್ರಾಯ ಅಪ್ಪಣೆ ಕೊಟ್ಟ. ಹಿಂದೆ ಚಾಪೆಯ ಮೇಲೆ ಸಣ್ಣವರ ಗುಂಪಿನಲ್ಲಿ ಕೂತಿದ್ದ ನಾಗವೇಣಿ ಎದ್ದು ನಿಂತಳು.

"ನಾವು ಚಿಪ್ಪು ತರೂದಿಲ್ಲ."

"ಎಂತಕೆ?" ಎಂದ ಸುಬ್ರಾಯ.

"ಚಿಪ್ಪು ನಮ್ಮದು. ಹೆಕ್ಕೂದು ನಾವು, ತೊಳೂದು ನಾವು, ಹೊತ್ಕ ಬರೂದು ನಾವು. ಹಾಕೂದು ಮಾತ್ರ ನೀವಾ? ನಮಗೂ ಒಂದೊಂದು ಕೊಟ್ರೆ ತರ್ತೇವು, ಇಲ್ಲಾಂದ್ರೆ ಕಲ್ಲು ಹಾಕಿ ಮತ ಮಾಡ್ಕಣಿ."

ಮಂತ್ರಿಗಳೆಲ್ಲ ನನ್ನ ಮುಖ ನೋಡಿದರು. ಭಟ್ಕಳದ ಆ ತರುಣ ಎದುರಿಗಿದ್ದರೆ ಅವನ ಕಿವಿ ಹಿಡಿದು ತಂದು ಇಲ್ಲಿ ಕೂರಿಸಬೇಕು ಅನ್ನಿಸಿತು. ಪುಟ್ಟ ಮಕ್ಕಳ ದನಿ ಎಂದು ಅವನು ಹೇಳಿದಾಗ ನಾನು ಕಣ್ಣೆದುರು ತಂದುಕೊಂಡಿದ್ದು ಏಳನೇ ಇಯತ್ತೆಯ ಮಕ್ಕಳನ್ನು. ಅವರಿಗಿಂತ ಪುಟ್ಟವರು ಚಾಪೆಯ ಮೇಲೆ ಮೂಗು ಒರೆಸುತ್ತ ಕೂತಿದ್ದಾರೆ, ಅವರಿಗೂ ದನಿ ಇದೆ, ಅದೂ ಇಷ್ಟು ದೊಡ್ಡದು ಎಂದು ಯಾರು ಹೇಳಿದ್ದರು? "ಆತು, ಆತು, ಎಲ್ರಿಗೂ ಒಂದೊಂದು," ಎಂದು ಬಿಟ್ಟೆ. ಊಟದ ಹೊತ್ತಾಗಿತ್ತು, ಬಸ್ಸಿಗೂ ಹೊತ್ತಾಗಿತ್ತು. ದೊಡ್ಡ ದೊಡ್ಡ ಸುಧಾರಣೆಗಳು ಹೀಗೇ ಆಗುತ್ತವೋ ಏನೋ.

ಸಣ್ಣ ಇಯತ್ತೆಗಳಲ್ಲಿ ಮಕ್ಕಳು ಜಾಸ್ತಿ, ಯಾವ ಶಾಲೆಯಲ್ಲೂ ಜಾಸ್ತಿ. ಚಿಪ್ಪು ಎಣಿಸಿದಾಗ ನಾಗವೇಣಿಯ ಗರಟೆ ತುಂಬಿ ಚೆಲ್ಲಿತ್ತು. ಯಾವ ಖಾತೆ ಬೇಕು ಎಂದರೆ, "ಗಂಟೆ" ಎಂದಳು. ಹಾಗೊಂದು ಖಾತೆಯೇ ಇರಲಿಲ್ಲ. ಅಷ್ಟರವರೆಗೆ ಗಂಟೆ ಹೊಡೆಯುತ್ತಿದ್ದವರು ಪಟಗಾರ ಮಾಸ್ತರು. "ಕೊಡಿ ಅಕ್ಕೋರೆ, ನನ್ನ ತೋಳು ಬಿದ್ದುಹೋಗ್ತದೆ," ಎಂದು ಅವರು ಬೋಲ್ಟನ್ನು ಖುಷಿಯಿಂದ ಕೈಬಿಟ್ಟರು. ನಾನೂ ಒಪ್ಪಿದೆ. ಗಂಟೆಯ ಜವಾಬ್ದಾರಿ ಬಂದರೆ ಹುಡುಗಿ ಬೇಗ ಬರುವುದನ್ನು ಕಲಿಯುತ್ತಾಳೆ ಎಂಬುದು ನನ್ನ ಲೆಕ್ಕ. ಎಂಥ ಲೆಕ್ಕ!

ಹುಣ್ಣಿಮೆ ದಾಟುವವರೆಗೆ ಗಂಟೆ ಸರಿಯಾಗಿ ಹೊಡೆಯಿತು. ಪಂಚಮಿ ಬಂತು. ಹತ್ತಾಯಿತು, ಗಂಟೆ ಇಲ್ಲ. ಮಕ್ಕಳು ಆಡುತ್ತಲೇ ಇದ್ದಾರೆ. ಸುಬ್ರಾಯ ಬೇಲಿಯ ಹತ್ತಿರ ಬೆನ್ನ ಹಿಂದೆ ಕೈಕಟ್ಟಿ ಓಡಾಡುತ್ತಿದ್ದಾನೆ, ಅವನ ಕಾನೂನು ಗಂಟೆ ಹೊಡೆದ ಮೇಲೆ ಬಂದವರಿಗೆ. ಗಂಟೆಯೇ ಹೊಡೆಯದಿದ್ದರೆ ಯಾರನ್ನು ಹೊರಗೆ ನಿಲ್ಲಿಸುತ್ತಾನೆ? "ಮಾಸ್ತರೆ, ನೀವೇ ಹೋಗಿ ಹೊಡೀರಿ," ಎಂದೆ. ಪಟಗಾರ ಮಾಸ್ತರು ಹೋದರು, ವಾಪಸು ಬಂದರು. ಬೋಲ್ಟು ಮರದ ಪೊಟರೆಯಲ್ಲಿಲ್ಲ. ಗಂಟೆ ಮಂತ್ರಿ ಮನೆಗೆ ಒಯ್ದಿದ್ದಾಳೆ.

ಗ್ರಹಚಾರಕ್ಕೆ ಅದೇ ಹೊತ್ತಿಗೆ ಇನ್‌ಸ್ಪೆಕ್ಟರ್ ಸಾಹೇಬರ ಜೀಪು ಬಂತು. ಅವರು ಇಳಿದರು, ಆಡುತ್ತಿದ್ದ ಶಾಲೆಯನ್ನು ನೋಡಿದರು, ಗಡಿಯಾರ ನೋಡಿದರು, ನನ್ನನ್ನು ನೋಡಿದರು. ನೌಕರಿಗೆ ಸೇರಿದ ಮೇಲೆ ನನ್ನ ಶಾಲೆ ತಡವಾಗಿ ಶುರುವಾದದ್ದು ಅದೇ ಮೊದಲು. ಸರಿಯಾಗಿ ಆಗ ಗಜನಿಯ ಕಟ್ಟೆಯ ಮೇಲೆ ಕುರ್ವೆಯ ಮಕ್ಕಳು ಓಡಿ ಬರುವುದು ಕಂಡಿತು. ಮುಂದೆ ನಾಗವೇಣಿ, ಕೈಯಲ್ಲಿ ಬೋಲ್ಟು, ಸೊಂಟದವರೆಗೆ ಕೆಸರು. ಸಾಹೇಬರ ಪಕ್ಕದಿಂದಲೇ ಹಾದು ಹೋಗಿ ಹಳಿಗೆ ರಪರಪ ಹೊಡೆದಳು.

"ಇದೇನಮ್ಮ, ಇಷ್ಟು ತಡ?" ಎಂದರು ಸಾಹೇಬರು.

"ತಡ ಆಗ್ಲಿಲ್ಲ ಸರ್. ಗಂಟೆ ಈಗ ಹೊಡ್ದೆ ಅಲ್ದಾ?"

ಪಟಗಾರ ಮಾಸ್ತರು ನಗು ತಡೆಯಲಾರದೆ ಕವಳದ ನೆಪ ಮಾಡಿ ಬೇಲಿಯಾಚೆ ಓಡಿದರು. ಸಾಹೇಬರು ನಗಲಿಲ್ಲ. ಮಕ್ಕಳ ದನಿ ಎಲ್ಲ ಕಾರ್ಯಾಗಾರದಲ್ಲಿ ಚೆನ್ನ, ಶಾಲೆಯ ಗಂಟೆ ಹತ್ತಕ್ಕೇ, ಅದೂ ಮಾಸ್ತರರೇ ಹೊಡೆಯಬೇಕು ಎಂದು ಹೇಳಿ ಹೋದರು. ನನಗೆ ಬೈಸಿಕೊಂಡ ಸಂಕಟಕ್ಕಿಂತ ಹೆಚ್ಚು ಸಿಟ್ಟು ಬಂದದ್ದು ಅವರ ಮಾತು ನನ್ನ ಮಾತಿನ ಹಾಗೆಯೇ ಇತ್ತು ಎಂಬುದಕ್ಕೆ. ನಾಗವೇಣಿಯ ಕೈಯಿಂದ ಬೋಲ್ಟು ಇಸಿದುಕೊಂಡೆ. ಅವಳು ಕೊಟ್ಟಳು.

ಮರುದಿನ ಗಂಟೆ ಹತ್ತಕ್ಕೆ ಹೊಡೆಯಿತು. ದೋಣಿ ಬಂತು, ಅದರಲ್ಲಿ ಅವಳಿರಲಿಲ್ಲ. ಅಷ್ಟಮಿ ಕಳೆದು ಹೊಳೆ ತುಂಬತೊಡಗಿದರೂ ಬರಲಿಲ್ಲ. ಅವಳನ್ನು ನೋಡಿ ಕುರ್ವೆಯ ಉಳಿದ ಸಣ್ಣವರೂ ಒಬ್ಬೊಬ್ಬರಾಗಿ ಬರುವುದನ್ನು ನಿಲ್ಲಿಸಿದರು. ಮಗ್ಗಿ ಹೇಳಿಸುವಾಗ ಒಳಗಿನವರು ತಪ್ಪಿದರೆ ತಿದ್ದಲು ಬಾಗಿಲಲ್ಲಿ ಯಾರೂ ಇಲ್ಲ. ಹಾಳು ಹುಡುಗಿ ಎಂದು ಬೈದುಕೊಂಡೇ ಒಂದು ಸಂಜೆ ದೋಣಿ ಹತ್ತಿ ಕುರ್ವೆಗೆ ಹೋದೆ.

ಹಮ್ಮಣ್ಣನ ಅಂಗಳದಲ್ಲಿ ಬೇಯಿಸಿದ ಬಳಚಿನ ರಾಶಿ. ನಾಗವೇಣಿ ಕುಕ್ಕರುಗಾಲಿನಲ್ಲಿ ಕೂತು ಚಿಪ್ಪು ಬಿಡಿಸುತ್ತಿದ್ದಳು. ನನ್ನನ್ನು ನೋಡಿ ಇನ್ನೂ ಬೇಗ ಬೇಗ ಬಿಡಿಸಿದಳು.

"ಕೂಸು ಹುಶಾರಿ ಅದೆ, ನಂಗೆ ಗೊತ್ತದೆ ಅಕ್ಕೋರೆ," ಎಂದ ಹಮ್ಮಣ್ಣ, ನನಗೆ ಮಣೆ ಹಾಕಿ. "ಆದ್ರೆ ಹೊಳೆ ದಾಟ್ಕ ಹೋಗಿ ಬಾಗ್ಲಲ್ಲಿ ನಿಂತು ಬರೂಕೆ ಎಂತಕೆ ಕಳ್ಸೂದು? ನಿಲ್ಲೂದೇ ಆದ್ರೆ ಹೊಳೆಲಿ ನಿಲ್ಲಲಿ. ಒಂದು ಬುಟ್ಟಿ ಬಳಚಾದ್ರೂ ಆತದೆ."

"ಸಣ್ಣವಳಿದ್ದಾಗ ನಾನು ಹೊಳೆ ದಾಟಿ ಶಾಲೆಗೆ ಹೋಗ್ಲಿಲ್ವನಾ ಹಮ್ಮಣ್ಣ?" ಎಂದೆ.

"ಶರಾವತಿಲಿ ಲಾಂಚು ಯಾವಾಗ್ಲೂ ತೇಲ್ತದೆ ಅಕ್ಕೋರೆ. ನಮ್ಮ ಹೊಳೆಲಿ ದೋಣಿ ಕೂತ್ಕಂತದೆ."

ಅವನು ಜಗಳಕ್ಕೆ ಹೇಳಿದ್ದಲ್ಲ, ಇದ್ದದ್ದನ್ನು ಹೇಳಿದ್ದು. ನಾನು ನಾಗವೇಣಿಯ ಕಡೆ ತಿರುಗಿದೆ. "ನೀ ಎಂತ ಹೇಳ್ತೆ?"

ಅವಳು ತಲೆ ಎತ್ತಲಿಲ್ಲ. "ನಾ ಹೇಳಿ ಆತು. ನೀವು ಬೋಲ್ಟು ಇಸ್ಕಂಡ್ರಿ."

ವಾಪಸು ಬರುವಾಗ ದೋಣಿಯಲ್ಲಿ ಕೂತು ಸಾಹೇಬರಿಗೆ, ಭಟ್ಕಳಕ್ಕೆ, ಪಂಚಮಿಗೆ, ಚಂದ್ರನಿಗೆ ಎಲ್ಲರಿಗೂ ಮನಸ್ಸಿನಲ್ಲೇ ಬೈದೆ. ಹುಡುಗಿ ಶಾಲೆ ಬಿಟ್ಟರೆ ಮತ್ತೆ ಬರುವುದಿಲ್ಲ. ಕುರ್ವೆಯಲ್ಲಿ ಒಮ್ಮೆ ಬಳಚಿಗೆ ಕೂತ ಹುಡುಗಿಯರು ಯಾರೂ ಎದ್ದು ಬಂದದ್ದು ನಾನು ಕಂಡಿರಲಿಲ್ಲ.

ಶನಿವಾರ ಸಭೆಯಲ್ಲಿ ಸಿಟ್ಟು ಕಾರಿಕೊಂಡೆ. "ಮಂತ್ರಿಗಳೇ, ರಾಜ್ಯಭಾರ ನಿಮ್ದಲ್ವಾ? ಸಾಹೇಬ್ರು ಹತ್ತಕ್ಕೆ ಗಂಟೆ ಹೊಡೀರಿ ಅಂತ್ರು. ಹೊಳೆ ಹತ್ತಕ್ಕೆ ದೋಣಿ ಬಿಡೂದಿಲ್ಲ ಅಂತದೆ. ನಂಗೆ ಸಾಕಾತು. ಎಂತ ಮಾಡೂದು ನೀವೇ ಹೇಳಿ." ಹೇಳಿ ಕೂತೆ. ಅವರು ಏನಾದರೂ ಹೇಳುತ್ತಾರೆಂದು ನನಗೆ ನಂಬಿಕೆ ಇರಲಿಲ್ಲ.

ಎದ್ದವನು ಸುಬ್ರಾಯ. ನಾಗವೇಣಿ ಹೋದ ಮೇಲೆ ಅವನಿಗೆ ಬಾಗಿಲಲ್ಲಿ ನಿಲ್ಲಿಸಲು ಯಾರೂ ಉಳಿದಿರಲಿಲ್ಲ, ಮುಖ ಬಾಡಿತ್ತು. "ನಮ್ಮಲ್ಲಿ ಒಂದು ಕೈಗಂಟೆ ಅದೆ ಅಲ್ದಾ ಅಕ್ಕೋರೆ, ಕಪಾಟಲ್ಲಿ? ಅದ್ನ ಹತ್ತಕ್ಕೆ ಮಾಸ್ತರು ಹೊಡೀಲಿ. ಅದು ಸಾಹೇಬ್ರ ಗಂಟೆ."

"ಹೊಡ್ದು?"

"ನೀರು ಇಳ್ದ ದಿನ ಮೊದ್ಲು ಆಟದ ತಾಸು ಇಡೂದು. ಆಟಕ್ಕೆ ಬಾಗ್ಲು ಎಲ್ಲದೆ, ಹೊರಗೆ ನಿಲ್ಸೂಕೆ? ದೋಣಿ ಬಂದ್ಮೇಲೆ ಹಳಿ ಹೊಡೀಲಿ, ಪ್ರಾರ್ಥನೆ ಮಾಡ್ವ, ಪಾಠ ಮಾಡ್ವ. ಅದು ದೋಣಿ ಗಂಟೆ."

ನಾನು ವೇಳಾಪಟ್ಟಿ ನೋಡಿದೆ. ಸಂಜೆಯ ಆಟದ ತಾಸನ್ನು ಬೆಳಿಗ್ಗೆಗೆ ಎತ್ತಿಟ್ಟರೆ ಯಾರ ಅಪ್ಪನ ಗಂಟೂ ಹೋಗುವುದಿಲ್ಲ. ಇಷ್ಟಕ್ಕೆ ಇಷ್ಟು ದಿನ ಒದ್ದಾಡಿದ್ದೆವಲ್ಲ ಎಂದು ಖುಷಿಗಿಂತ ಹೆಚ್ಚು ಕಿರಿಕಿರಿಯಾಯಿತು. ಕುರ್ವೆಗೆ ಸುದ್ದಿ ಮುಟ್ಟಿಸಲು ಸುಬ್ರಾಯನೇ ದೋಣಿ ಹತ್ತಿ ಹೋದ. ನಾಗವೇಣಿಯ ಷರತ್ತು ಒಂದೇ: ಬೋಲ್ಟು ತನ್ನ ಹತ್ತಿರವೇ ಇರಬೇಕು.

ಸೋಮವಾರ ಬಂದಳು. ಹಳಿ ಹೊಡೆದಳು. ಆಮೇಲೆ ನನ್ನ ಮುಂದೆಯೇ ಒಳಗೆ ಹೋಗಿ ಜಾಗದಲ್ಲಿ ಕೂತು ಮಗ್ಗಿ ತೆಗೆದಳು.

ಅದಾದ ಮೇಲೆ ವರ್ಷಗಟ್ಟಲೆ ನಮ್ಮ ಶಾಲೆಗೆ ಎರಡು ಗಂಟೆ. ಎಲ್ಲ ಸುಖವಾಯಿತು ಎಂದು ತಿಳಿಯಬೇಡಿ. ಪಂಚಮಿ ಯಾವತ್ತು ಎಂದು ಪ್ರತಿ ತಿಂಗಳೂ ಪಂಚಾಂಗದ ಮುಂದೆ ಜಗಳ. ಮಳೆಗಾಲದಲ್ಲಿ ದೋಣಿ ಬಂತೋ ಇಲ್ಲವೋ ಕಾಣದೆ ಕಾದು ಕಾದು ನನ್ನ ತಲೆನೋವು. ಬೇಲಿಗೆ ತಾಗಿದ ಮನೆಯವರಿಂದ "ಕುರ್ವೆಯವರಿಗಾಗಿ ಊರಿಡೀ ಕಾಯೂದಾ?" ಎಂಬ ತಕರಾರು. ಅದಕ್ಕೆ ಉತ್ತರ ಕೊಡಲು ಸುಬ್ರಾಯನೇ ಮುಂದೆ ನಿಲ್ಲುತ್ತಿದ್ದ, ಅವನ ಅಪ್ಪನೂ ತಕರಾರಿನವರಲ್ಲಿ ಒಬ್ಬ. ನನಗಂತೂ ಪಂಚಮಿ ಬಂತೆಂದರೆ ಒಂದೇ ಕೆಲಸ. ಕೈಗಡಿಯಾರವನ್ನು ನೋಡುವುದು, ಹೊಳೆಯನ್ನು ನೋಡುವುದು, ಮತ್ತೆ ಗಡಿಯಾರ ನೋಡುವುದು. ಕಾಯುವುದು ನನ್ನ ಜಾತಕದಲ್ಲಿ ಬರೆದದ್ದಲ್ಲ.

ನಾನು ನಿವೃತ್ತಳಾದದ್ದು ಒಂದು ಜನವರಿಯ ಕೊನೆಗೆ. ನಾಗವೇಣಿ ಆಗ ಏಳನೇ ಇಯತ್ತೆ. ಬೆಳಿಗ್ಗೆಯೇ ಬೀಳ್ಕೊಡುಗೆ, ಅದೇ ಸಾಹೇಬರು ಬರುವವರಿದ್ದರು. ಹುಣ್ಣಿಮೆಯ ಆಸುಪಾಸು, ದೋಣಿಯ ಚಿಂತೆ ಇಲ್ಲ. ನಾನು ಹೊಸ ಸೀರೆ ಉಟ್ಟು, ನಿಧಾನವಾಗಿ ತಿಂಡಿ ತಿಂದು, ಕೈಗಡಿಯಾರ ನೋಡಿದೆ. ಬೇಕಾದಷ್ಟು ಹೊತ್ತಿತ್ತು.

"ಗೋಡೆ ಗಡಿಯಾರ ನೋಡೆ ಮಾರಾಯ್ತಿ, ಬಸ್ಸು ಹೋಗಿ ಆತು," ಎಂದರು ಯಜಮಾನರು.

"ಆ ಗೋಡೆ ಗಡಿಯಾರಕ್ಕೆ ಎಂತ ಗೊತ್ತದೆ?" ಎಂದೆ. ಅದನ್ನು ನಾನು ಯಾವತ್ತೂ ನಂಬಿದವಳಲ್ಲ. ಮತ್ತೊಂದು ಸಲ ಕೈ ನೋಡಿಕೊಂಡಾಗ ನನ್ನ ಗಡಿಯಾರದಲ್ಲಿ ಹಿಂದಿನಷ್ಟೇ ಹೊತ್ತು. ಕಿವಿಗೆ ಹಿಡಿದೆ. ಸದ್ದಿಲ್ಲ.

ಬಸ್ಸು ಹೋಗಿತ್ತು. ಮುಂದಿನದು ದಾರಿಯಲ್ಲಿ ನಿಂತೂ ನಿಂತೂ ಹೋಗುವಂಥದು. ಹಿರೇಗುತ್ತಿಯಲ್ಲಿ ಇಳಿದು, ಸೀರೆ ಎತ್ತಿ ಹಿಡಿದು, ಆ ವಯಸ್ಸಿನಲ್ಲಿ, ಓಡಿದೆ. ಇಡೀ ನೌಕರಿಯಲ್ಲಿ ಒಂದು ದಿನ ತಡವಾಗದವಳು, ಕೊನೆಯ ದಿನ ತಡ. ನಾಚಿಕೆಯಿಂದ ಅಳು ಬರುತ್ತಿತ್ತು. ಪ್ರಾರ್ಥನೆ ಮುಗಿದಿರುತ್ತದೆ, ಸಾಹೇಬರ ಭಾಷಣ ಶುರುವಾಗಿರುತ್ತದೆ, ನಾನು ಹಾರಕ್ಕೆ ಕುತ್ತಿಗೆ ಒಡ್ಡಲು ಹಿಂದಿನಿಂದ ನುಸುಳಿ ಹೋಗಬೇಕು.

ಅಂಗಳದಲ್ಲಿ ಮಕ್ಕಳು ಆಡುತ್ತಿದ್ದರು. ಸಾಹೇಬರು ಕುರ್ಚಿಯಲ್ಲಿ ಶಾಲು ತೊಡೆಯ ಮೇಲಿಟ್ಟುಕೊಂಡು ಗಡಿಯಾರ ನೋಡುತ್ತಿದ್ದರು. ಪಟಗಾರ ಮಾಸ್ತರು ಕೈಗಂಟೆ ಹಿಡಿದು ತಪ್ಪಿತಸ್ಥರ ಹಾಗೆ ನಿಂತಿದ್ದರು, ಹತ್ತಕ್ಕೆ ಅದನ್ನು ಹೊಡೆದು ಆಗಿತ್ತು. ಹುಣಸೆ ಮರದ ಕೆಳಗೆ ಹಳಿಯ ಪಕ್ಕದಲ್ಲಿ ನಾಗವೇಣಿ, ಕೈಯಲ್ಲಿ ಬೋಲ್ಟು. ಕುರ್ವೆಯ ಮಕ್ಕಳೆಲ್ಲ ಯಾವಾಗಲೋ ಬಂದಿದ್ದರು. ಅವರ ಕಾಲು ಒಣಗಿತ್ತು.

ಏದುಸಿರು ಬಿಡುತ್ತ ಅವಳ ಮುಂದೆ ನಿಂತೆ. "ತಡ ಆತಲ್ಲೆ ನಾಗವೇಣಿ," ಎಂದೆ. ನನ್ನ ದನಿ ನನಗೇ ಮೂರನೇ ಇಯತ್ತೆಯವಳ ಹಾಗೆ ಕೇಳಿಸಿತು.

"ತಡ ಆಗ್ಲಿಲ್ಲ ಅಕ್ಕೋರೆ," ಎಂದಳು ಅವಳು. "ಗಂಟೆ ಈಗ ಹೊಡೀತೆ."

ಹೊಡೆದಳು. ಮಕ್ಕಳು ಆಟ ಬಿಟ್ಟು ಸಾಲಾದರು. ನಾನು ಮುಂದೆ ಹೋಗಲಾರದೆ ಒಂದನೇ ಇಯತ್ತೆಯವರ ಹಿಂದೆಯೇ ಪ್ರಾರ್ಥನೆಗೆ ನಿಂತೆ. ಕಣ್ಣು ತುಂಬಿ ಯಾರ ಮುಖವೂ ಕಾಣಲಿಲ್ಲ. ಆ ಹುಡುಗಿಯ ಮೇಲೆ ಆ ಗಳಿಗೆಯಲ್ಲೂ ನನಗೆ ಸಿಟ್ಟೇ ಬಂತು, ಅಷ್ಟು ಜನರ ಮುಂದೆ ನನ್ನನ್ನು ಅಳಿಸಿದಳಲ್ಲ ಎಂದು. ಭಟ್ಕಳದಿಂದ ತಂದ ಎರಡರಲ್ಲಿ ಕೈಕೊಟ್ಟದ್ದು ಗಡಿಯಾರ.